ಹೊರಡುವವನ ಚುಚ್ಚುಮದ್ದು

ಗಲ್ಫಿನ ಗ್ಯಾರೇಜೊಂದರಲ್ಲಿ ಕೆಲಸ ಸಿಕ್ಕಿತೆಂದು ಏಜೆಂಟ್ ಫೋನ್ ಮಾಡಿದ ವಾರವೇ ಮೂಡಿಗೆರೆಯ ನೆಂಟರೆಲ್ಲ ನನ್ನನ್ನು ಊಟಕ್ಕೆ ಕರೆಯತೊಡಗಿದರು. ಪರದೇಶಕ್ಕೆ ಹೊರಟವನಿಗೆ ಮನೆಮನೆಯಲ್ಲೂ ಬಿರಿಯಾನಿ ಹಾಕುವುದು ನಮ್ಮವರ ರೂಢಿ. ವೀಸಾ ಕೈಗೆ ಬರಲಿ ಎನ್ನುವ ತಾಳ್ಮೆ ನನಗೆಲ್ಲಿತ್ತು? ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದೆ. ಒಂಬತ್ತು ಮನೆಗಳಲ್ಲಿ ಉಂಡು, ನಾನು ಬಾಳೂರಿನ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಗ್ಯಾರೇಜಿಗೂ ಸಲಾಂ ಹೇಳಿ ಕೆಲಸ ಬಿಟ್ಟು ಬಂದೆ.

ಆಮೇಲೆ ಹೆಪಟೈಟಿಸ್ ಬಿ ಚುಚ್ಚುಮದ್ದಿಗೆಂದು ಕ್ಲಿನಿಕ್ಕಿಗೆ ಹೋದೆ. ನಮ್ಮ ಕಡೆ ದೊಡ್ಡವರು ಅದನ್ನು ಹಾಕಿಸಿಕೊಳ್ಳುವುದು ಹೆಚ್ಚಾಗಿ ಹೊರದೇಶಕ್ಕೆ ಹೊರಟಾಗಲೇ. ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಮರುದಿನ ಬಾಗಿಲು ಮುಚ್ಚಿಸಿ ಹೇಳಿದರು:

"ನಿಂಗೆ ಈ ಚುಚ್ಚುಮದ್ದಿಂದ ಪ್ರಯೋಜನ ಇಲ್ಲ ಮಾರಾಯ. ವೈರಸ್ ಆಗ್ಲೇ ರಕ್ತದಲ್ಲಿದೆ. ಗಲ್ಫಿನ ವೀಸಾ ಸಿಗೋದು ಕಷ್ಟ. ಊಟ ತಿಂಡಿಯಿಂದ ಇದು ಹರಡಲ್ಲ, ಹೆದರ್ಬೇಡ. ಆದ್ರೆ ರಕ್ತದಿಂದ, ಗಂಡ ಹೆಂಡ್ತಿ ಕೂಡೋದ್ರಿಂದ ಹರಡುತ್ತೆ. ಹೆಂಡ್ತೀನ ಬೇಗ ಕರ್ಕೊಂಡ್ ಬಾ. ಪರೀಕ್ಷೆ ಮಾಡಿ ಲಸಿಕೆ ಹಾಕ್ಬೇಕು."

ಕರೆದುಕೊಂಡು ಹೋಗಲಿಲ್ಲ. ಅವಳಿಗೂ ಅಂಟಿದ್ದರೆ ಎಂಬ ಹೆದರಿಕೆ ಒಂದು ಕಡೆ, ನನ್ನ ನಡತೆಯನ್ನೇ ಸಂಶಯಿಸಿದರೆ ಎಂಬ ಅಳುಕು ಇನ್ನೊಂದು ಕಡೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಾಲಿಟ್ಟರೆ ಸಾಕು, ಊಟ ಹಾಕಿದವರ ಪ್ರಶ್ನೆ: "ಇನ್ನೂ ಹೋಗ್ಲಿಲ್ವಾ?" ನಿಮ್ಮ ಬಿರಿಯಾನಿ ವಾಪಸ್ ಕೊಡಲೇ ಎಂದು ಬಾಯಿತುದಿಗೆ ಬರುತ್ತಿತ್ತು. ವೀಸಾ ತಡ ಎಂದು ಸುಳ್ಳು ಹೇಳಿ ಮನೆ ಸೇರಿಕೊಳ್ಳುತ್ತಿದ್ದೆ. ಮನೆಯಲ್ಲೂ ನೆಮ್ಮದಿಯಿಲ್ಲ. ರೇಜರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬೆನ್ನುನೋವಿನ ನೆಪ ಹೇಳಿ ಹೊರಕೋಣೆಯಲ್ಲಿ ಮಲಗಿದೆ. ಹೋಗಲೂ ಆಗದೆ, ಇರಲೂ ಆಗದೆ ಮೂರು ವಾರ ಉಸಿರು ಕಟ್ಟಿದಂತೆ ಕಳೆದೆ.

ಒಂದು ಬೆಳಿಗ್ಗೆ ಹೆಂಡತಿ ಚಹಾ ಲೋಟ ಎದುರಿಗಿಟ್ಟು ಕೇಳಿದಳು: "ಹೋಗೋ ಮೊದ್ಲೇ ನನ್ನ ಬಿಟ್ಟುಬಿಟ್ಟಿದ್ದೀರಲ್ಲ, ನಾನೇನು ತಪ್ಪು ಮಾಡ್ದೆ?"

ತಪ್ಪು ತನ್ನದೇ ಎಂದುಕೊಂಡಿದ್ದಳು. ಅದನ್ನು ಕೇಳಿ ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಎಲ್ಲ ಹೇಳಿದೆ.

"ಮೂರು ವಾರ ಬಾಯಿ ಮುಚ್ಕೊಂಡು ಕೂತಿದ್ರಲ್ಲ, ನನ್ನ ಜೀವಕ್ಕೆ ಬೆಲೆ ಇಲ್ವಾ?" ಎಂದಳು. ಅಂದೇ ಇಬ್ಬರೂ ಕ್ಲಿನಿಕ್ಕಿಗೆ ಹೋದೆವು.

ಅವಳ ರಕ್ತದಲ್ಲಿ ಸೋಂಕು ಇರಲಿಲ್ಲ. ರಿಪೋರ್ಟ್ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಅತ್ತುಬಿಟ್ಟೆ. ಲಸಿಕೆಯ ಮೂರು ಡೋಸಿನಲ್ಲಿ ಮೊದಲನೆಯದನ್ನು ಹಾಕುತ್ತಾ ನರ್ಸ್ ಕೇಳಿದರು: "ಯಾವ ದೇಶಕ್ಕೆ ಹೊರಟಿದ್ದೀರಿ?"

ಹೆಂಡತಿ ನನ್ನ ಕಡೆ ನೋಡಲಿಲ್ಲ.

"ಎಲ್ಲಿಗೂ ಇಲ್ಲ," ಎಂದಳು. "ಇವ್ರ ಜೊತೆ ಇರೋದಕ್ಕೆ."