ಶಾಣ್ಯಾ ಅದಾಳ್ರಿ, ಸ್ವಲ್ಪ ಲಕ್ಷ್ಯ ಕೊಡ್ರಿ

ಸಂಜೆ ಬಬಲೇಶ್ವರದ ಬಸ್ಸಿಳಿದು ಮನೆಗೆ ಬಂದು, ಒಂದು ಕಾಲಿನ ಚಪ್ಪಲಿ ಬಿಚ್ಚಿ ಇನ್ನೊಂದನ್ನು ಬಿಚ್ಚುವುದರೊಳಗೆ ನಾನು ನನ್ನ ಮಗಳಿಗೆ ಒಂದು ಪ್ರಶ್ನೆ ಕೇಳುತ್ತೇನೆ. "ಇವತ್ತ ಸಾಲ್ಯಾಗ ಏನ್ ಕಲತಿ?"

"ಏನಿಲ್ಲ."

"ಮತ್ತ ದಿನಪೂರ್ತಿ ಏನ್ ಮಾಡಿದಿ?"

ಆಗ ಅವಳು ಗೋಡೆಯ ಮೇಲೆ ಹಲ್ಲಿ ಇದ್ದರೆ ಹಲ್ಲಿಯನ್ನು ನೋಡುತ್ತಾಳೆ, ಇರದಿದ್ದರೆ ಬರೀ ಗೋಡೆಯನ್ನು ನೋಡುತ್ತಾಳೆ. ಅವಳ ಹೆಸರು ಸಂಜನಾ, ನಮಗೆಲ್ಲ ಸಂಜು. ಓದುವುದು ಎರಡನೇ ಇಯತ್ತೆ. ನೀವೂ ನಿಮ್ಮ ಮಕ್ಕಳಿಗೆ ಇದೇ ಪ್ರಶ್ನೆ ಕೇಳಿ ಇದೇ ಉತ್ತರ ಪಡೆದಿರುತ್ತೀರಿ, ಸುಳ್ಳು ಹೇಳಬೇಡಿ. ಆದರೆ ನಿಮ್ಮ ಸಂಕಟಕ್ಕಿಂತ ನನ್ನದು ಒಂದು ಕೈ ಹೆಚ್ಚು. ಏಕೆಂದರೆ ನನ್ನ ಮಗಳು ಜಾಣೆ ಎಂದು ಊರಿಗೆಲ್ಲ ಸಾರಿಕೊಂಡು ಬಂದವಳು ನಾನೇ.

ಅವಳಿಗೆ ಆಗ ಮೂರೂವರೆ ವರ್ಷ. ತವರಿಗೆ ಹೋಗಲು ವಿಜಯಪುರದ ಬಸ್ ನಿಲ್ದಾಣದಲ್ಲಿ ತಿಕೋಟಾ ಬಸ್ಸಿಗೆ ಕಾಯುತ್ತಿದ್ದೆ. ಸೊಂಟದ ಮೇಲಿದ್ದ ಕೂಸು ಎದುರಿಗೆ ಬಂದು ನಿಂತ ಬಸ್ಸಿನ ಫಲಕ ನೋಡಿ "ತಿಕೋಟಾ" ಎಂದಿತು. ಕೇಳಿ ಕೇಳಿ ಬಾಯಿಪಾಠವಾಗಿರಬೇಕು ಎಂದುಕೊಂಡೆ. ಅದರ ಹಿಂದಿನ ಬಸ್ಸನ್ನು ನೋಡಿ "ಬ, ಬ, ಲೇ, ಶ್ವ, ರ" ಎಂದಿತು. ಒತ್ತಕ್ಷರ! ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದವರು ಪೇಪರ್ ಮಡಚಿ ಕೂಸಿನ ಮುಖ ನೋಡಿದರು. ಅವತ್ತು ತಿಕೋಟಾದಲ್ಲಿ ನನ್ನವ್ವ ಅವಳ ಕೈಯಿಂದ ಓದಿಸದೆ ಬಿಟ್ಟದ್ದು ಯಾವುದೂ ಇರಲಿಲ್ಲ. ದ್ರಾಕ್ಷಿಗೆ ಹೊಡೆಯುವ ಔಷಧಿಯ ಡಬ್ಬಿ, ಒಣದ್ರಾಕ್ಷಿಯ ಪೆಟ್ಟಿಗೆ, ಲಗ್ನಪತ್ರಿಕೆ, ಎದುರು ಗೋಡೆಯ ಮೇಲೆ ಅರ್ಧ ಅಳಿಸಿದ ಚುನಾವಣೆಯ ಬರಹ. ಸಂಜೆಯ ಹೊತ್ತಿಗೆ ಕೂಸು ಸೋತು ಅಳತೊಡಗಿತು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ನೋಡ, ಒಂದೀಟೂ ಘಾಟ ಬರವೊಲ್ದು. ಎಷ್ಟ ದೃಷ್ಟಿ ಆಗಿತ್ತ ಕೂಸಿಗೆ!" ವಿಜ್ಞಾನ ಓದಿದ ನಾನೂ ಮೂಗು ಏರಿಸಿ ಮೂಸಿದೆ. ಘಾಟು ಬಂದಿರಲಿಲ್ಲ. ನನಗೆ ಒಳಗೊಳಗೇ ಹಿಗ್ಗು.

ಆ ಹಿಗ್ಗಿನ ಫಲ ಈಗ ಉಣ್ಣುತ್ತಿದ್ದೇನೆ. ಅಂದು ಅ ಆ ಗೊತ್ತಿರದಿದ್ದ ಅವಳ ವಾರಿಗೆಯ ಹುಡುಗರೆಲ್ಲ ಇಂದು ಅವಳಷ್ಟೇ ಓದುತ್ತಾರೆ, ಅವಳಷ್ಟೇ ಬರೆಯುತ್ತಾರೆ. ಅವಳು ಮಾತ್ರ ಊರು ದಾಟುವ ಮೊದಲೇ ನಿಂತ ಬಸ್ಸಿನಂತೆ ಅಲ್ಲೇ ಇದ್ದಾಳೆ ಎಂದು ನನ್ನ ಅನುಮಾನ. ಪ್ರಗತಿ ಪತ್ರದಲ್ಲಿ ಎಲ್ಲದಕ್ಕೂ 'ಎ'. 'ಬಿ' ಬಂದಿದ್ದರೆ ಬೈಯಬಹುದಿತ್ತು, 'ಎ ಪ್ಲಸ್' ಬಂದಿದ್ದರೆ ಪೇಡೆ ಹಂಚಬಹುದಿತ್ತು. ಬರೀ 'ಎ' ಇಟ್ಟುಕೊಂಡು ತಾಯಿಯಾದವಳು ಏನು ಮಾಡಬೇಕು?

ಸುಮ್ಮನಿರಬಹುದಿತ್ತು ಎನ್ನುತ್ತೀರಿ. ವಿಜಯಪುರದಲ್ಲಿದ್ದುಕೊಂಡು ಸುಮ್ಮನಿರುವುದು ಅಷ್ಟು ಸುಲಭವಲ್ಲ. ಓಣಿಗೊಂದು ಕೋಚಿಂಗ್ ಫಲಕ, ಫಲಕದ ತುಂಬ ಅಂಚೆಚೀಟಿಯಷ್ಟು ಮುಖಗಳು, ಪ್ರತಿ ಮುಖದ ಕೆಳಗೆ ಅಂಕಗಳು. ಸುತ್ತಲಿನ ಹಳ್ಳಿಗಳಿಂದ ಬಂದ ಪುಟ್ಟ ಪುಟ್ಟ ಹುಡುಗರು ಕೂದಲು ಕತ್ತರಿಸಿಕೊಂಡು ಅಲ್ಲಿಗೆ ಸಾಲಾಗಿ ನಡೆಯುವುದನ್ನು ನೋಡಿದರೆ, ನನ್ನ ಮಗಳು ಅಂಗಳದಲ್ಲಿ ಇರುವೆ ನೋಡುತ್ತ ಕೂತದ್ದೇ ಅಪರಾಧವೆನಿಸುತ್ತದೆ. ಪಕ್ಕದ ಮನೆಯ ಶಾಂತಕ್ಕನ ಮೊಮ್ಮಗ ನಸುಕಿನಲ್ಲೇ ಕೋಚಿಂಗ್‌ಗೆ ಹೊರಡುತ್ತಾನೆ. "ಈಗಿಂದ ಹಚ್ಚವಾ. ಇಲ್ಲಂದ್ರ ಹಿಂದ ಬೀಳ್ತಾಳ" ಎಂದು ಶಾಂತಕ್ಕ ಗೋಡೆಯಾಚೆಯಿಂದ ಎಚ್ಚರಿಸುತ್ತಾಳೆ. ಯಾರಿಗಿಂತ ಹಿಂದೆ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿಕೊಂಡರೆ, "ಲಗೂನ ನಡೀಲಿಕ್ಕೆ ಕಲತದ ಅಂತ ಕೂಸು ದಿನಾ ಓಡಬೇಕೇನು? ಸುಮ್ಮ ಬಿಡಬೇ ಅದನ್ನ" ಎಂದು ನನಗೇ ಗದರಿದಳು. ಲಗ್ನಪತ್ರಿಕೆ ಓದಿಸಿದ್ದು ಯಾರು ಎಂದು ನೆನಪಿಸಬೇಕೆನಿಸಿತು, ಬಿಟ್ಟೆ.

ಇಷ್ಟು ಹೊತ್ತು ಮುಚ್ಚಿಟ್ಟ ಒಂದು ಮಾತಿದೆ. ನಾನು ಬಬಲೇಶ್ವರದ ಕಡೆಯ ಸರಕಾರಿ ಶಾಲೆಯ ಶಿಕ್ಷಕಿ. ನನ್ನ ಮಗಳು ಓದುವುದು ಪಟ್ಟಣದ ಖಾಸಗಿ ಶಾಲೆಯಲ್ಲಿ. ಯಾಕೆ ಎಂದು ನೀವು ಕೇಳುವ ಮೊದಲೇ ಮುಂದಿನ ಮಾತಿಗೆ ಹೋಗುತ್ತೇನೆ.

ಸಂತೆಯ ದಿನ ನಮ್ಮ ಶಾಲೆಗೆ ಪಾಲಕರು ಬರುತ್ತಾರೆ. ಸಭೆ ಕರೆದರೆ ಬಾರದವರು ಸಂತೆಗೆ ಬಂದಾಗ ತಪ್ಪದೆ ಇಣುಕುತ್ತಾರೆ. ಉಳ್ಳಾಗಡ್ಡಿಯ ಚೀಲ ಪಡಸಾಲೆಯಲ್ಲಿಟ್ಟು, ಬಾಗಿಲ ಚೌಕಟ್ಟು ಹಿಡಿದು, "ಅಕ್ಕೋರ, ನಮ್ಮ ಹುಡುಗಿ ಹೆಂಗ ಅದಾಳ್ರಿ?" ಎನ್ನುತ್ತಾರೆ. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಿಯೂ ಎತ್ತದಂತೆ "ಶಾಣ್ಯಾ ಅದಾಳ್ರಿ, ಸ್ವಲ್ಪ ಲಕ್ಷ್ಯ ಕೊಡ್ರಿ" ಎನ್ನುತ್ತೇನೆ. ಬಹಳ ವರ್ಷ ಬಾಳಿಕೆ ಬಂದ ಮಾತು ಇದು. ಮೊದಲ ಅರ್ಧಕ್ಕೆ ಪಾಲಕರು ಖುಷಿಯಾಗುತ್ತಾರೆ, ಎರಡನೆಯ ಅರ್ಧದಿಂದ ಜವಾಬ್ದಾರಿ ಅವರ ಮನೆಗೆ ಹೋಗುತ್ತದೆ. ನಮ್ಮ ಕಡೆಯ ಈ ಶಾಣ್ಯಾತನ, ಅಂದರೆ ಜಾಣತನ, ಅದೂ ದೊಡ್ಡ ಮನಸ್ಸಿನದು. ಲೆಕ್ಕ ಬಂದರೂ ಶಾಣ್ಯಾ, ಕೊಟ್ಟದ್ದನ್ನು ಉಂಡು ಮಲಗಿದರೂ ಶಾಣ್ಯಾ, ಅತ್ತೆಯ ಎದುರು ಬಾಯಿ ಮುಚ್ಚಿಕೊಂಡಿದ್ದರಂತೂ ಬಾಳ ಶಾಣ್ಯಾ. ಯಾವ ಮಗುವನ್ನೂ ಅದು ಹೊರಗೆ ನಿಲ್ಲಿಸುವುದಿಲ್ಲ.

ಹೋದ ತಿಂಗಳು ಸಂಜುವಿನ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ರಜೆ ಹಾಕಿ, ಇಸ್ತ್ರಿಯ ಸೀರೆ ಉಟ್ಟು, ಕೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದೆ. ಸಂಜು ನನ್ನ ಸೆರಗು ಹಿಡಿದು ನಿಂತಿದ್ದಳು. ಅವಳ ಟೀಚರ್ ಇನ್ನೂ ಎಳೆಯ ಹುಡುಗಿ. ನನ್ನ ಹಿಂದೆ ಉದ್ದ ಸಾಲು. ನಾನು ಬಾಯಿ ತೆರೆಯುವುದರೊಳಗೆ ಆಕೆ ನಕ್ಕು, "ಶಾಣ್ಯಾ ಅದಾಳ್ರಿ ಮ್ಯಾಡಮ್, ಸ್ವಲ್ಪ ಲಕ್ಷ್ಯ ಕೊಡ್ರಿ" ಎಂದಳು.

ನನ್ನದೇ ಮಾತು! ಒಂದಕ್ಷರ ಆಚೀಚೆ ಇಲ್ಲ. ಆ ಮಾತಿನ ಹಿಂದೆ ಎಷ್ಟು ಇರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೇಳಬೇಕೆಂದಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳದೆ ಸಾಲಿನಿಂದ ಪಕ್ಕಕ್ಕೆ ಸರಿದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, ಅವರು ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮಗಳು ಮುಂದೆ ಹೋಗುತ್ತಿದ್ದಾಳೋ ಇಲ್ಲವೋ ಎಂದು ಹೇಳುವವರು ಈ ಊರಲ್ಲಿ ಒಬ್ಬರೂ ಇಲ್ಲವಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಇನ್ನು ಮುಂದೆ ಯಾವ ಪಾಲಕರಿಗೂ ಆ ಮಾತು ಹೇಳಬಾರದೆಂದು ನಿರ್ಧಾರ ಮಾಡಿದೆ.

ಮುಂದಿನ ಸಂತೆಯ ದಿನ ಮಲ್ಲಪ್ಪ ಬಂದ. ತೋಟದಲ್ಲೇ ಮನೆ ಮಾಡಿಕೊಂಡಿರುವ ರೈತ. ಅವನ ಮಗಳು ರೇಣುಕಾ ನನ್ನ ಮೂರನೇ ಇಯತ್ತೆಯಲ್ಲಿದ್ದಾಳೆ. "ಹೆಂಗ ಅದಾಳ್ರಿ ಅಕ್ಕೋರ?" ಎಂದ. ನಾನು ಪೆನ್ನು ಕೆಳಗಿಟ್ಟು, ಅವನನ್ನು ಕೂರಿಸಿ, ಮನಸ್ಸಿಟ್ಟು ಹೇಳಿದೆ. "ಮಲ್ಲಪ್ಪ, ಇವತ್ತ ಸೊನ್ನಿ ಗುಣಾಕಾರ ಹೇಳಿಕೊಟ್ಟೆ. ಎಷ್ಟಕ್ಕ ಗುಣಿಸಿದ್ರೂ ಸೊನ್ನಿನ ಅಂದೆ. ಎಲ್ಲಾರೂ ಬರಕೊಂಡ್ರು. ನಿಮ್ಮ ರೇಣುಕಾ ಒಬ್ಬಾಕಿ ಎದ್ದು ನಿಂತು, ಅಷ್ಟೂ ಎಲ್ಲಿ ಹೋದೂರಿ ಅಂತ ಕೇಳಿದಳು. ಈ ಪ್ರಶ್ನೆ ನಂಗ ಇಷ್ಟ ವರ್ಷದಾಗ ಯಾರೂ ಕೇಳಿಲ್ಲ."

ಮಲ್ಲಪ್ಪ ಕೊನೆಯವರೆಗೂ ಕೇಳಿದ. ಆಮೇಲೆ ತಲೆಯ ಟೊಪ್ಪಿಗೆ ಸರಿಮಾಡಿಕೊಂಡ. "ಮನ್ಯಾಗೂ ಹಿಂಗ ತಲಿ ತಿಂತಾಳ್ರಿ. ಅದಿರಲಿ ಬಿಡ್ರಿ. ಶಾಣ್ಯಾ ಅದಾಳೋ ಇಲ್ಲೋ, ಅದನ್ನಷ್ಟ ಹೇಳ್ರಿ."

"ಶಾಣ್ಯಾ ಅದಾಳ್ರಿ" ಎಂದೆ, ಸೋತು.

ಅವನ ಮುಖ ಅರಳಿತು. ಚೀಲದಿಂದ ಎರಡು ಹಿಡಿ ಶೇಂಗಾ ತೆಗೆದು ನನ್ನ ಟೇಬಲ್ ಮೇಲೆ ಸುರಿದು, ನಮಸ್ಕಾರ ಹೇಳಿ ಹೋದ. ಇಸ್ತ್ರಿಯ ಸೀರೆ ಉಟ್ಟು ನಾನು ಕೇಳಲು ಹೋದದ್ದೂ ಇದನ್ನೇ ಇರಬೇಕು. ಪ್ರಶ್ನೆಗಳನ್ನು ಸುಮ್ಮನೆ ಜೋಡಿಸಿಕೊಂಡಿದ್ದೆ.

ಅವತ್ತು ಸಂತೆಯ ಗದ್ದಲದಲ್ಲಿ ಬಸ್ಸು ತಡವಾಯಿತು. ಮನೆಗೆ ಬಂದಾಗ ಸಂಜು ಹೊಸ್ತಿಲ ಮೇಲೆ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು. "ಮಮ್ಮಿ, ಇವತ್ತ ನಿಮ್ಮ ಸಾಲ್ಯಾಗ ಏನ್ ಆತು?"

ಏನಾಯಿತು? ರೇಣುಕಾಳ ಸೊನ್ನೆ ಆಯಿತು, ಮಲ್ಲಪ್ಪನ ಶೇಂಗಾ ಆಯಿತು. ಮಂಗವೊಂದು ಬಂದು ಹೆಡ್‌ಮಾಸ್ತರರ ಕುರ್ಚಿಯ ಮೇಲೆ ಕೂತಿತು. ಬಿಸಿಯೂಟದ ಹೊತ್ತಿಗೆ ಒಬ್ಬನ ಹಲ್ಲು ಬಿದ್ದು, ಇಡೀ ವರ್ಗ ಅದನ್ನು ಸಾಂಬಾರಿನಲ್ಲಿ ಹುಡುಕಿತು. ಎಲ್ಲಿಂದ ಶುರು ಮಾಡುವುದು? ಕಾಲು ನೋಯುತ್ತಿತ್ತು. ಚಪ್ಪಲಿ ಬಿಚ್ಚುತ್ತ, "ಏನಿಲ್ಲವಾ" ಎಂದೆ.

"ಮತ್ತ ದಿನಪೂರ್ತಿ ಏನ್ ಮಾಡಿದಿ?"

ನಾನು ಗೋಡೆಯ ಕಡೆ ನೋಡಿದೆ. ಹಲ್ಲಿ ಇರಲಿಲ್ಲ.

ಸಂಜು ಎದ್ದು ಬಂದು, ತನ್ನ ಟೀಚರ್ ನಕ್ಕ ಹಾಗೆಯೇ ನಕ್ಕು, ನನ್ನ ಕೈ ತಟ್ಟಿದಳು. "ಶಾಣ್ಯಾ ಅದಿ ಮಮ್ಮಿ. ಸ್ವಲ್ಪ ಲಕ್ಷ್ಯ ಕೊಡಬೇಕು, ಅಷ್ಟ."

ನಿಜ ಹೇಳುತ್ತೇನೆ, ಕೇಳಿ ಬಹಳ ಸಂತೋಷವಾಯಿತು.