ಉಸ್ ಎನ್ನುವ ಕಾರು

ಘಟಪ್ರಭಾದ ಮೆಕ್ಯಾನಿಕ್ ಸಿದ್ರಾಯನ ಸಿಟ್ಟು ಎಂಜಿನ್ನಿಗಿಂತ ಬೇಗ ಕಾಯುತ್ತದೆ. ಅಂದು ಗ್ಯಾರೇಜಿಗೆ ಬಂದಿದ್ದ ಟರ್ಬೊ ಸ್ಪೋರ್ಟ್ಸ್ ಕಾರು ನಿಂತಲ್ಲಿ ಚೆನ್ನಾಗಿಯೇ ಗುರುಗುಡುತ್ತಿತ್ತು. ಎಕ್ಸಲರೇಟರ್ ಒತ್ತಿದರೆ ಮಾತ್ರ ಪಿಕಪ್ ಇಲ್ಲ. ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಕೊನೆಗೆ ಕಾರನ್ನೇ ಬೈದ.

ಓಡಿಸಿಯೇ ನೋಡೋಣವೆಂದು ಅವನು ಹೊರಟಾಗ, ಬುತ್ತಿ ತಂದಿದ್ದ ಹೆಂಡತಿ ಶೆಟ್ಟೆವ್ವ, "ನಾನೂ ಒಂದ್ ಸುತ್ತ ಬರತೇನ್ರಿ" ಎಂದು ಹತ್ತಿ ಕೂತಳು. ಮಮದಾಪುರದ ರಸ್ತೆಯಲ್ಲಿ ಅವನು ಎಕ್ಸಲರೇಟರ್ ಒತ್ತಿದಾಗ ಕಿವಿಗೊಟ್ಟಳು.

"ಉಸ್ ಅನ್ನಾಕತ್ತೈತಿ ನೋಡ್ರಿ, ಕುಕ್ಕರ್ ರಬ್ಬರ್ ಹರದಂಗ."

ಬಾನೆಟ್ ಎತ್ತಿದರೆ ಮಾತು ಖರೆ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಸೀಳಿತ್ತು.

"ನಿನಗ ಹೆಂಗ ಗೊತ್ತಾತ?"

"ಮನ್ಯಾಗ ದಿನಾ ಕೇಳತೇನಲ್ರಿ. ಹೊಸಾ ರಬ್ಬರ್ ತರ್ರಿ ಅಂತ ದೀಪಾವಳಿಯಿಂದ ಹೇಳಾಕತ್ತೇನಿ."

ಪೈಪು ಬದಲಿಸಿ ಟ್ರಯಲ್ ನೋಡಲು ಹೊರಟ ಸಿದ್ರಾಯ, ಸ್ಪೋರ್ಟ್ಸ್ ಕಾರನ್ನು ಸೀದಾ ಪಾತ್ರೆ ಅಂಗಡಿಯ ಮುಂದೆ ನಿಲ್ಲಿಸಿದ.