ಸುಣ್ಣ ಕಾಣದ ಮೆಟ್ಟಿಲು

ಭಾನುವಾರ. ಬೆಳಕು ಹರಿಯುವ ಮೊದಲೇ ಕಲಿರೋಯಿ ಅಜ್ಜಿ ಸುಣ್ಣದ ಬಕೆಟ್ ಹಿಡಿದು ಬೀದಿಯ ಮೇಲ್ತುದಿಗೆ ಬಂದಿದ್ದಾರೆ. ಕೆಳಗೆ ಸಮುದ್ರ ಇನ್ನೂ ನಿದ್ದೆಗಣ್ಣಿನಲ್ಲಿದೆ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ, ಹಾಸುಗಲ್ಲುಗಳ ಸಂದಿಯಲ್ಲಿ ಬ್ರಷ್ ಎಳೆಯುತ್ತಾ ಹಿಂದೆ ಹಿಂದೆ ಸರಿಯುತ್ತಾರೆ. ನಡುನಡುವೆ ಒಂದು ಹೂವು, ಒಂದು ಮೀನು. ಕೋಟೆ ನೋಡಲು, ಮರಳಲ್ಲಿ ಬಿಸಿಲಿಗೆ ಮೈಯೊಡ್ಡಲು ಅಮೊರ್ಗೋಸ್ ದ್ವೀಪಕ್ಕೆ ಬರುವವರ ಫೋಟೋಗಳಲ್ಲೆಲ್ಲ ಈ ಬೀದಿಯಿದೆ. ಅಜ್ಜಿ ಮಾತ್ರ ಒಂದರಲ್ಲೂ ಇಲ್ಲ. ಅವರೆಲ್ಲ ಏಳುವಷ್ಟರಲ್ಲಿ ಇವರ ಕೆಲಸ ಮುಗಿದಿರುತ್ತದೆ.

"ಸಂಜೆಗೆ ಮತ್ತೆ ತುಳೀತಾರೆ. ತುಳೀಲಿ ಬಿಡಿ, ತುಳಿಯೋಕೆ ತಾನೇ ಬೀದಿ ಇರೋದು," ಎನ್ನುತ್ತಾರೆ.

ಹಿಂದೆ ಸರಿಯುತ್ತಾ ಸರಿಯುತ್ತಾ ತಮ್ಮದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬೀದಿಯಲ್ಲೆಲ್ಲ ಇದೊಂದೇ ಮೆಟ್ಟಿಲು ಬೂದುಬಣ್ಣ. ಸೂತಕದ ಮನೆಗೆ ಇಲ್ಲಿ ಸುಣ್ಣ ಬಳಿಯುವುದಿಲ್ಲ. ವರ್ಷ ಕಳೆದರೆ ಸೂತಕ ಮುಗಿಯುತ್ತದೆ, ನಿಜ. ಆದರೆ ಮೀನಿಗೆಂದು ಹೋದ ಗಂಡ ಸ್ಟಾಮಾತಿಸ್‌ನ ದೋಣಿಯಷ್ಟೇ ಸಿಕ್ಕಿತು, ಅವನು ಸಿಗಲಿಲ್ಲ. ಎಷ್ಟೋ ವರ್ಷದ ಮಾತು ಅದು.

ಎದುರುಮನೆಯ ಝಂಬೆಟ ಕಿಟಕಿಯಿಂದಲೇ ಕಾಲೆಳೆಯುತ್ತಾರೆ. "ವಿಧವೆಯರ ಕರೀ ಬಟ್ಟೇನೂ ಹಾಕಲ್ಲ, ಸುಣ್ಣಾನೂ ಬಳಿಯಲ್ಲ. ಗಂಡ ಇದ್ದಾನೋ ಇಲ್ವೋ, ಒಂದು ತೀರ್ಮಾನಕ್ಕೆ ಬಾರೇ."

"ಬಂದರೆ ಅಂತ ಕರೀದು ಹಾಕ್ಲಿಲ್ಲ, ಬರದಿದ್ರೆ ಅಂತ ಸುಣ್ಣ ಬಳೀಲಿಲ್ಲ. ರಾಕಿ ಕುಡಿದು ಕತ್ತಲಲ್ಲಿ ಬರೋ ಗಂಡಸು ಅದು. ಎಲ್ಲಾ ಮೆಟ್ಟಿಲೂ ಬೆಳ್ಳಗಿದ್ರೆ ನಮ್ಮನೆ ಯಾವುದು ಅಂತ ಹೇಗೆ ಗೊತ್ತಾಗ್ಬೇಕು?"

ಇಬ್ಬರೂ ನಗುತ್ತಾರೆ. ಅಜ್ಜಿಯ ನಗು ಬೇಗ ನಿಲ್ಲುತ್ತದೆ.

ಇಂದು ಮಗಳು ಆರ್ಗಿರೋಳ ಎರಡನೇ ಮಗನಿಗೆ ಚರ್ಚಿನಲ್ಲಿ ನಾಮಕರಣ. ತಾಯಿಯ ತಂದೆಯ ಹೆಸರಿಡುವುದು ವಾಡಿಕೆ. ಅಲ್ಲಿಯವರೆಗೆ ಮಗು ಬರೀ 'ಪುಟ್ಟ'. ನಿನ್ನೆ ಆರ್ಗಿರೋ ಖಡಾಖಂಡಿತವಾಗಿ ಹೇಳಿ ಹೋಗಿದ್ದಾಳೆ: "ಅಮ್ಮ, ಮೆಟ್ಟಿಲು ಹಾಗೇ ಇರ್ಬೇಕಾದ್ರೆ ಇರ್ಲಿ. ಆದ್ರೆ ಅಪ್ಪನ ಹೆಸರು ಹೊತ್ಕೊಂಡು ನನ್ನ ಮಗು ಸೂತಕದ ಮನೆಗೆ ಬರಲ್ಲ. ಬೇರೆ ಹೆಸರಿಡ್ತೀನಿ."

ಅಜ್ಜಿ ಬಕೆಟ್ ಕೆಳಗಿಟ್ಟು ಸಮುದ್ರದ ಕಡೆ ತುಂಬಾ ಹೊತ್ತು ನೋಡುತ್ತಾರೆ. ಆಮೇಲೆ ಬ್ರಷ್ ಅದ್ದಿ, ಮೆಟ್ಟಿಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆಯುತ್ತಾರೆ.

ಹಸಿಯಿದ್ದಾಗ ಸುಣ್ಣ ಬರೀ ನೀರಿನಂತೆ ಕಾಣುತ್ತದೆ. ಅಜ್ಜಿ ಪಕ್ಕದ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಬಿಸಿಲು ಏರಿದಂತೆ ಕಲ್ಲು ನಿಧಾನವಾಗಿ, ಅಂಚಿನಿಂದ ಒಳಗೆ ಬೆಳ್ಳಗಾಗುತ್ತದೆ. ಕಿಟಕಿಯಲ್ಲಿ ಝಂಬೆಟ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಪ್ರವಾಸಿ ಜೋಡಿಯೊಂದು ಫೋಟೋ ತೆಗೆಸಿಕೊಳ್ಳಲು ಆ ಮೆಟ್ಟಿಲ ಮೇಲೆ ಕಾಲಿಡಲು ಬರುತ್ತದೆ. ಅಜ್ಜಿ ಬಕೆಟ್ ಅಡ್ಡ ಇಡುತ್ತಾರೆ.

"ಸ್ವಲ್ಪ ಆ ಕಡೆಯಿಂದ ಹೋಗಿ ಮಕ್ಳಾ. ಇದನ್ನ ಮೊದಲು ದಾಟೋನು ಸ್ಟಾಮಾತಿಸ್. ಮಧ್ಯಾಹ್ನ ಚರ್ಚಿನಿಂದ ಬರ್ತಾನೆ."